ನೆಲದ ಟಿಕೆಟ್ಟು: ಹಡಗಿನಲ್ಲೊಂದು ಬಾಲ್ಕನಿ!

ಈ ಅಂಕಣಕ್ಕೆ ವಾರವಾರ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ. 'ಆ ನಾಯಕಿಗೆ ಮದುವೆ ಯಾವಾಗ?', 'ಈ ನಾಯಕನ ಮುಂದಿನ ಚಿತ್ರ ಯಾವುದು?', 'ಫೋಟೋ ಲಗತ್ತಿಸಿದ್ದೇನೆ, ವಿಲನ್ ಪಾತ್ರಕ್ಕೆ ಆಗುತ್ತೇನೆಯೇ?'... ಉತ್ತರ ಬರೆದೂ ಬರೆದೂ ಕೈ ಪಳಗಿಹೋಗಿದೆ. ಆದರೆ ಇತ್ತೀಚೆಗೆ ಬಂದ ಒಂದು ಕಾಗದ ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿಬಿಟ್ಟಿತು ಸ್ವಾಮೀ!

ಬಂದದ್ದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿಯಿಂದ. ಬರೆದವರು ರಿಟೈರಾದ ಪ್ರೈಮರಿ ಶಾಲೆಯ ಮಾಸ್ತರರು. ಮುತ್ತು ಪೋಣಿಸಿದಂಥ ಅಕ್ಷರ. ಒಕ್ಕಣೆ ಹೀಗಿತ್ತು:

'ನಮ್ಮ ಮದುವೆಯಾಗಿ 40 ವರ್ಷ ದಾಟಿತು. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನು ಯಾವುದೋ ಹಿಂದಿ ಸಿನಿಮಾ ನೋಡಿ, ಅಪ್ಪ-ಅವ್ವನನ್ನು ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಕಳಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. ಮೂರು ರಾತ್ರಿ. ಈಗ ಅವನು ಕೇಳುವುದು: ಒಳಗಿನ ಕೋಣೆಯೋ, ಕಿಟಕಿ ಕೋಣೆಯೋ, ಬಾಲ್ಕನಿ ಕೋಣೆಯೋ? ಬಾಲ್ಕನಿಗೆ ದುಡ್ಡು ಬಹಳ. ನನ್ನ ಮಟ್ಟಿಗೆ ಬಾಲ್ಕನಿ ಎಂದರೆ ಸಿನಿಮಾ ಟಾಕೀಸಿನದು ಮಾತ್ರ ಗೊತ್ತು. ನೀವು ಸಿನಿಮಾದವರು. ಬಾಲ್ಕನಿಯ ಮರ್ಮ ಬಲ್ಲವರು. ಏನು ಮಾಡಲಿ, ತಿಳಿಸಿ.'

ನಗಬೇಡಿ ಓದುಗ ಮಿತ್ರರೇ! ಪ್ರಶ್ನೆ ಸಣ್ಣದಲ್ಲ. ಮಗನ ದುಡ್ಡು, ಅಪ್ಪನ ಸಂಕೋಚ, ಜೀವಮಾನದಲ್ಲಿ ಒಮ್ಮೆ ಸಿಗುವ ಮೂರು ರಾತ್ರಿ. ತಪ್ಪು ಟಿಕೆಟ್ ತೆಗೆದರೆ ಇಂಟರ್‌ವಲ್‌ನಲ್ಲಿ ಎದ್ದು ಮನೆಗೆ ಹೋಗಲಿಕ್ಕೆ ಅದು ಟಾಕೀಸಲ್ಲ, ಸಮುದ್ರ!

* * *

ಮೊದಲು ನನ್ನ ಜಾತಿ ಹೇಳಿಬಿಡುತ್ತೇನೆ. ನಾನು ನೆಲದ ಟಿಕೆಟ್ಟಿನವನು. ಅಂಕಣದ ಹೆಸರೇ ಸಾಕ್ಷಿ. ಟೆಂಟ್ ಸಿನಿಮಾದಲ್ಲಿ ಮರಳು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಕೂತು, ಹಿಂದಿನವನ ಬೈಗುಳ ತಿಂದು ಸಿನಿಮಾ ನೋಡಿದವನು. ನೆಲ, ಬೆಂಚು, ಕುರ್ಚಿ. ದೊಡ್ಡ ಊರಿನ ಥಿಯೇಟರಾದರೆ ಗಾಂಧಿ ಕ್ಲಾಸು, ಸೆಕೆಂಡ್ ಕ್ಲಾಸು, ಬಾಲ್ಕನಿ, ಬಾಕ್ಸು. ಎಲ್ಲಿ ಕೂತರೂ ಪರದೆಯ ಮೇಲೆ ಅದೇ ರಾಜಕುಮಾರ್, ಅದೇ ಹಾಡು. ಬಾಲ್ಕನಿಯವನಿಗೆ ಹೆಚ್ಚಿಗೆ ಒಂದು ರೀಲು ತೋರಿಸುವುದಿಲ್ಲ. ಶಿಳ್ಳೆ ಹೊಡೆಯುವ ಸುಖ ಮಾತ್ರ ಅವನಿಗೆ ನಷ್ಟ!

ಆದ್ದರಿಂದ ಕಾಗದ ಓದಿದ ಕೂಡಲೇ ನನ್ನ ಉತ್ತರ ತಯಾರಾಗಿತ್ತು: 'ಮಾಸ್ತರರೇ, ಒಳಕೋಣೆ ತೆಗೆದುಕೊಳ್ಳಿ. ದುಡ್ಡು ಉಳಿಸಿ. ಸಮುದ್ರ ಎಲ್ಲರಿಗೂ ಒಂದೇ.' ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಹಡಗಿನ ವಿಚಾರ ಕೆದಕುತ್ತ ಹೋದಂತೆ, ಟಾಕೀಸಿನ ಲೆಕ್ಕ ಅಲ್ಲಿ ಪೂರಾ ನಡೆಯುವುದಿಲ್ಲ ಅಂತ ತಿಳಿಯಿತು.

ನೋಡಿ, ಹಡಗಿನಲ್ಲೂ ನಾಲ್ಕು ಕ್ಲಾಸು. ಎಲ್ಲಕ್ಕಿಂತ ಅಗ್ಗದ್ದು ಒಳಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ಷೋ ಶುರುವಾಗುವ ಮುಂಚಿನ ಟಾಕೀಸಿನ ಹಾಗೆ ಗವ್ವೆನ್ನುವ ಕತ್ತಲೆ. ಬೆಳಗಾಯಿತೋ ಇಲ್ಲವೋ ಗಡಿಯಾರ ನೋಡಿಯೇ ಹೇಳಬೇಕು. ಗಾಢವಾಗಿ ನಿದ್ದೆ ಮಾಡುವವರಿಗೆ ಸ್ವರ್ಗ. ಎರಡನೆಯದು ಕಿಟಕಿ ಕೋಣೆ. ಗಾಜಿನಾಚೆ ಸಮುದ್ರ ಕಾಣುತ್ತದೆ, ಆದರೆ ಆ ಗಾಜು ತೆರೆಯುವುದಿಲ್ಲ. ಗಾಳಿ ಇಲ್ಲ, ಸದ್ದಿಲ್ಲ, ಮೂಕಿ ಚಿತ್ರ! ಮೂರನೆಯದೇ ನಮ್ಮ ಬಾಲ್ಕನಿ. ಬಾಗಿಲು ಸರಿಸಿದರೆ ಹೊರಗೆ ಪುಟ್ಟ ಜಾಗ, ಎರಡು ಕುರ್ಚಿ, ಒಂದು ಸಣ್ಣ ಟೇಬಲ್ಲು, ಮುಂದೆ ಕಟಾಂಜನ, ಕೆಳಗೆ ನೀರು. ನಾಲ್ಕನೆಯದು ಸೂಟ್, ಅಂದರೆ ನಮ್ಮ ಬಾಕ್ಸು. ಅದರ ಮಾತು ನಮಗೆ ಬೇಡ, ಪ್ರೊಡ್ಯೂಸರುಗಳಿಗೆ ಬಿಡೋಣ.

ಹಾಗಾದರೆ ವ್ಯತ್ಯಾಸ ಇಷ್ಟೇ. ಟಾಕೀಸಿನ ನೆಲದವನಿಗೆ ಪಿಕ್ಚರ್ ಕಾಣುತ್ತದೆ. ಹಡಗಿನ ಒಳಕೋಣೆಯವನಿಗೆ ಕೋಣೆಯೊಳಗೆ ಪಿಕ್ಚರೇ ಇಲ್ಲ! ಈ ಕೊರತೆ ನೀಗಲೆಂದೇ 2011ರಲ್ಲಿ ಡಿಸ್ನಿಯವರು ತಮ್ಮ 'ಡಿಸ್ನಿ ಡ್ರೀಮ್' ಹಡಗಿನ ಒಳಕೋಣೆಗಳಲ್ಲಿ ಕಿಟಕಿಯಾಕಾರದ ಟೀವಿ ಪರದೆ ಇಟ್ಟರು. ಹಡಗಿನ ಹೊರಗೆ ಕಟ್ಟಿದ ಕ್ಯಾಮರಾ ಕಂಡದ್ದನ್ನೆಲ್ಲ ಅದರಲ್ಲಿ ತೋರಿಸುತ್ತದೆ. ನಡುನಡುವೆ ಮಿಕ್ಕಿ ಮೌಸ್ ಬಂದು ಇಣುಕಿ ಹೋಗುತ್ತಾನೆ! ಕೊನೆಗೆ ಸಮುದ್ರವನ್ನೂ ಸಿನಿಮಾ ಮಾಡಿಯೇ ತೋರಿಸಬೇಕಾಯಿತು ನೋಡಿ.

* * *

ಈ ಹಡಗಿನ ಬಾಲ್ಕನಿ ಎಂಬ ಭೋಗ ಬಹಳ ಹಳೆಯದೇನೂ ಅಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ 'ಬಿ' ಅಂತಸ್ತಿನ ಎರಡೇ ಎರಡು ಸೂಟುಗಳಿಗೆ ಸ್ವಂತದ ಅಡ್ಡಾಡುವ ಪಡಸಾಲೆ ಇತ್ತು. ಅದರಲ್ಲಿ ಒಂದರಲ್ಲಿದ್ದವರು ಆ ಹಡಗು ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ. ಜೇಮ್ಸ್ ಕ್ಯಾಮರೂನ್ 1997ರಲ್ಲಿ ತೆಗೆದ ಚಿತ್ರದಲ್ಲಿ ನಾಯಕಿ ರೋಸ್ ಇಳಿದುಕೊಳ್ಳುವುದು ಅಂಥ ಪಡಸಾಲೆಯಿದ್ದ ಸೂಟಿನಲ್ಲೇ. ನಾಯಕ ಜ್ಯಾಕ್ ಮಾತ್ರ ನಮ್ಮವನು, ಕೆಳಗಿನ ಮೂರನೇ ದರ್ಜೆ, ಹಡಗಿನ ನೆಲದ ಟಿಕೆಟ್ಟು! ಆದರೆ ಕೈ ಚಾಚಿ ಹಾರುವಂತೆ ನಿಂತ ಆ ಜಗತ್ಪ್ರಸಿದ್ಧ ದೃಶ್ಯ ನಡೆದದ್ದೆಲ್ಲಿ? ಶ್ರೀಮಂತರ ಪಡಸಾಲೆಯಲ್ಲಲ್ಲ. ಹಡಗಿನ ಮೂತಿಯಲ್ಲಿ, ಬಯಲಿನಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಅಂದುಕೊಂಡೆ.

ಸಾಲಾಗಿ ಬಾಲ್ಕನಿ ಇಟ್ಟು ಹಡಗು ಕಟ್ಟುವ ಷೋಕಿ ಶುರುವಾದದ್ದು 1984ರ 'ರಾಯಲ್ ಪ್ರಿನ್ಸೆಸ್' ಹೊತ್ತಿಗೆ. ಅದರಲ್ಲಿ ಒಳಕೋಣೆಯೇ ಇರಲಿಲ್ಲ, ಎಲ್ಲವೂ ಹೊರಗೋಡೆಯವು, ಹಲವಕ್ಕೆ ಬಾಲ್ಕನಿ. ಹಡಗನ್ನು ನೀರಿಗೆ ಹರಸಿ ಕಳಿಸಿದವರು ಇಂಗ್ಲೆಂಡಿನ ರಾಜಕುಮಾರಿ ಡಯಾನಾ. ಆಮೇಲೆ ಹಡಗುಗಳು ಬಾಲ್ಕನಿಯ ಗೂಡುಗಳಾಗುತ್ತ ಹೋದವು.

ಮುಂಬಯಿಯಿಂದ 2021ರ ಸೆಪ್ಟೆಂಬರಿನಲ್ಲಿ ಓಡಾಟ ಶುರು ಮಾಡಿದ ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಹುಟ್ಟಿದ್ದು 1990ರಲ್ಲಿ, ಫ್ರಾನ್ಸಿನಲ್ಲಿ. ಆಗ ಅದರ ಹೆಸರು 'ನಾರ್ಡಿಕ್ ಎಂಪ್ರೆಸ್'. ಉದ್ದ ಸುಮಾರು 211 ಮೀಟರ್, 11 ಅಂತಸ್ತು. ಅಂದರೆ ಬಾಲ್ಕನಿ ಷೋಕಿ ಪೂರ್ತಿ ಹಬ್ಬುವ ಮುಂಚೆ ಹುಟ್ಟಿದ ಕನ್ಯೆ. ಹಾಗಾಗಿ ಅದರಲ್ಲಿ ಬಾಲ್ಕನಿ ಕೋಣೆಗಳು ಕಡಿಮೆ. ಒಳಕೋಣೆ, ಕಿಟಕಿ ಕೋಣೆಗಳೇ ಹೆಚ್ಚು. ಕಡಿಮೆ ಇದ್ದದ್ದಕ್ಕೆ ಬೆಲೆ ಹೆಚ್ಚು. ಬ್ಲ್ಯಾಕ್ ಟಿಕೆಟ್ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನು ಮಾಸ್ತರರ ಮಗ ನೋಡಿದ ಸಿನಿಮಾ ಯಾವುದಿರಬಹುದು ಅಂತ ಯೋಚಿಸಿದೆ. ಜೋಯಾ ಅಖ್ತರ್ ಅವರ 'ದಿಲ್ ಧಡಕನೇ ದೋ', 2015. ಅನಿಲ್ ಕಪೂರ್, ಶೇಫಾಲಿ ಷಾ ದಂಪತಿಯ ಮದುವೆಯ 30ನೇ ವರ್ಷಕ್ಕೆ ಬಂಧು-ಬಳಗವೆಲ್ಲ ಹಡಗು ಹತ್ತುವ ಕಥೆ. ಬೇರೆ ಯಾವುದಿರಲು ಸಾಧ್ಯ? ಆದರೆ ಆ ಹಡಗಿನಲ್ಲಿ ನಡೆದದ್ದೇನು? ಗಂಡ-ಹೆಂಡಿರ ನಡುವೆ ವರ್ಷಗಟ್ಟಲೆ ಮುಚ್ಚಿಟ್ಟ ಬಿರುಕೆಲ್ಲ ನಡುನೀರಿನಲ್ಲಿ ಬಾಯಿ ಬಿಟ್ಟದ್ದು! ನಮ್ಮ ಮಾಸ್ತರರಿಗೆ ಹಾಗಾಗದಿರಲಿ ಎಂದುಕೊಂಡೆ.

ಅಷ್ಟರಲ್ಲಿ ಕಲಬುರಗಿಯ ಕಡೆ ಒಂದು ಕೆಲಸ ಬಿತ್ತು. ಕಾಗದದಲ್ಲಿ ವಿಳಾಸ ಇತ್ತಲ್ಲ! ಸುರಪುರದಿಂದ ಬಸ್ಸು ಹತ್ತಿಯೇಬಿಟ್ಟೆ.

* * *

ತಿಂಥಣಿ ಬ್ರಿಡ್ಜಿನ ಹತ್ತಿರ ಬಸ್ಸಿಳಿದಾಗ ಕೃಷ್ಣೆ ಅಗಲವಾಗಿ, ನಿಧಾನವಾಗಿ ಹರಿಯುತ್ತಿದ್ದಳು. ಮೇಲೆ ನಾರಾಯಣಪುರದ ಬಸವಸಾಗರ ಗೇಟು ಬಿಗಿದಿತ್ತು ಅನ್ನಿ. ಗೇಟು ತೆರೆದರೆ ಇದೇ ಹೊಳೆಯ ರೂಪವೇ ಬೇರೆ. 2019ರ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ಸ್ ನೀರು ಬಿಟ್ಟಾಗ ಈ ದಂಡೆಯ ಊರುಗಳು ಪಟ್ಟ ಪಾಡು ಇಲ್ಲಿಯವರು ಮರೆತಿಲ್ಲ. ದಂಡೆಯ ಮೇಲೆ ಮೌನೇಶ್ವರನ ಗುಡಿ. ಹಿಂದೂಗಳಿಗೆ ಮೋನಪ್ಪಯ್ಯ, ಮುಸಲ್ಮಾನರಿಗೆ ಮೌನುದ್ದೀನ್. ಇಬ್ಬರಿಗೂ ಒಂದೇ ಬಾಗಿಲು, ಒಂದೇ ಜಾತ್ರೆ. ಇಲ್ಲಿ ಬಾಲ್ಕನಿಯಿಲ್ಲ, ನೆಲವಿಲ್ಲ, ಎಲ್ಲರೂ ಒಂದೇ ಕ್ಲಾಸು.

ಮಾಸ್ತರರು ಮನೆಯ ಕಟ್ಟೆಯ ಮೇಲೆಯೇ ಸಿಕ್ಕರು.

"ಬರ್ರಿ ಸಾಹೇಬ್ರ, ಬರ್ರಿ! ಕಾಗದ ಹಾಕಿದ್ರ ಖುದ್ದ ಬಂದೇ ಬಿಟ್ರಿ! ಏ, ಕೇಳಲ್ಲಿ... ಸುಸಲಾ ಮಾಡು, ಚಾ ಇಡು. ಸಿನಿಮಾದವ್ರು ಬಂದಾರ!"

ಸುಸಲಾ, ಮಿರ್ಚಿ ಭಜಿ, ಚಹಾ. ತಿನ್ನುತ್ತಲೇ ನನ್ನ ವಾದ ಮಂಡಿಸಿದೆ.

"ಮಾಸ್ತರರೇ, ಲೆಕ್ಕ ಹಾಕೋಣ. ಮೂರು ರಾತ್ರಿ. ನಡುವೆ ಒಂದು ಹಗಲು ಗೋವಾದಲ್ಲಿ ಇಳಿದು ಸುತ್ತಾಟ. ಹಡಗಿನಲ್ಲಿ ಊಟ, ತಿಂಡಿ, ನಾಟಕ, ಮ್ಯಾಜಿಕ್ಕು, ಕುಣಿತ. ದಿನಕ್ಕೆ ಎರಡು ಗಂಟೆ ಬಾಲ್ಕನಿಯಲ್ಲಿ ಕೂತರೂ ಒಟ್ಟು ಎಷ್ಟಾಯಿತು? ಆರು ಗಂಟೆ. ಎರಡು ಸಿನಿಮಾದಷ್ಟು ಹೊತ್ತು. ಅಷ್ಟಕ್ಕೆ ಅಷ್ಟು ದುಡ್ಡೇ?"

"ಹೌದಲ್ರಿ ಮತ್ತ! ನಾ ಇದನ್ನ ಹೇಳ್ಲಿಕ್ಹತ್ತೀನಿ. ಹುಡುಗ ಕೇಳವಲ್ಲ. ಅಂವಗ ಮನಿ ಸಾಲ ಐತ್ರಿ, ಕೂಸಿನ ಸಾಲಿ ಫೀ ಐತಿ. ನಮಗ ಯಾಕ ಬೇಕ್ರಿ ಬಾಲ್ಕನಿ? ಖರೇ ಹೇಳ್ಬೇಕಂದ್ರ ಒಂದs ಆಸೆ ಇತ್ತು. ಬಾಲ್ಕನಿಯಾಗ ಕುಂತು ಸಮುದ್ರ ನೋಡ್ಕೋತ ಒಂದು ಬೀಡಿ ಸೇದೂದು..."

"ಅದಂತೂ ಆಗಲೇ ಆಗದು!" ಅಂದೆ. ಟಾಕೀಸಿನ ಸ್ಲೈಡಿನಲ್ಲಿ 'ಧೂಮಪಾನ ನಿಷೇಧಿಸಿದೆ' ಅಂತ ಹಾಕುತ್ತಿದ್ದರಲ್ಲ, ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಹಡಗಿನಲ್ಲಿ ಹಾಗಲ್ಲ. 2006ರ ಮಾರ್ಚಿಯಲ್ಲಿ ಜಮೈಕಾ ಹತ್ತಿರ 'ಸ್ಟಾರ್ ಪ್ರಿನ್ಸೆಸ್' ಎಂಬ ದೊಡ್ಡ ಹಡಗಿಗೆ ಬೆಂಕಿ ಬಿತ್ತು. ಶುರುವಾದದ್ದು ಒಂದು ಬಾಲ್ಕನಿಯಲ್ಲೇ. ಆರಿಸದೆ ಎಸೆದ ಸಿಗರೇಟು ಕಾರಣವಿರಬೇಕೆಂದು ತನಿಖೆ ಹೇಳಿತು. ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿ ಸಾಲು ಸಾಲು ಕೋಣೆಗಳು ಸುಟ್ಟವು, ಒಬ್ಬರು ಪ್ರಾಣ ಬಿಟ್ಟರು. ಅದಾದ ಮೇಲೆ ಬಾಲ್ಕನಿಯಲ್ಲಿ ಬಳಸುವ ಸಾಮಾನಿಗೂ ಕಟ್ಟುನಿಟ್ಟಿನ ನಿಯಮ ಬಂತು. ಎಷ್ಟೋ ಹಡಗು ಕಂಪನಿಗಳು ಬಾಲ್ಕನಿಯಲ್ಲಿ ಸೇದುವುದನ್ನೇ ನಿಲ್ಲಿಸಿದವು. ಸೇದಲೇಬೇಕೆಂದರೆ ಬೇರೆ ಜಾಗ ಗೊತ್ತು ಮಾಡಿರುತ್ತಾರೆ.

"ಹಂಗಾದ್ರ ಮುಗೀತ್ರಿ!" ಮಾಸ್ತರರು ಕೈ ಕೊಡವಿದರು. "ಒಳಕೋಣಿನs ಬರೀತೀನಿ ಹುಡುಗಗ."

ಅಷ್ಟರಲ್ಲಿ ನನಗೊಂದು ಸಂಗತಿ ಹೊಳೆಯಿತು. ಮಗ ಅಪ್ಪನನ್ನು ಕೇಳಿದ. ಅಪ್ಪ ನನ್ನನ್ನು ಕೇಳಿದರು. ನಾನು ಹಡಗಿನ ಪುಸ್ತಕ, ಪಟ, ಸಿನಿಮಾ ಎಲ್ಲವನ್ನೂ ಕೇಳಿದೆ. ಹೋಗುವವರು ಇಬ್ಬರು. ಆ ಇನ್ನೊಬ್ಬರನ್ನು ಯಾರೂ ಕೇಳಿಯೇ ಇಲ್ಲ!

"ಅಕ್ಕಾರ, ನಿಮಗೇನು ಅನಿಸ್ತದ?"

* * *

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕಾರು ಸೆರಗು ಸರಿ ಮಾಡಿಕೊಂಡು ನಕ್ಕರು. "ನಂದೇನ್ ಕೇಳ್ತೀರ್ರಿ ಅಣ್ಣಾರ. ನಾ ಸಮುದ್ರ ಕಂಡಾಕಿ ಅಲ್ಲ. ಹರಗೋಲ ಕಂಡಾಕಿ."

ಅವರ ತವರು ಕೃಷ್ಣೆಯ ನಡುಗಡ್ಡೆ. ಸುತ್ತ ನೀರು. ದಿಬ್ಬಣ ಬಂದದ್ದೂ ಹರಿಗೋಲಿನಲ್ಲೇ, ಮದುಮಗಳು ಹೊರಟದ್ದೂ ಹರಿಗೋಲಿನಲ್ಲೇ. ಬಿದಿರು ಹೆಣೆದು ಮೇಲೆ ಚರ್ಮ ಬಿಗಿದ ದುಂಡನೆಯ ದೋಣಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಸೆಳವಿಗೆ ಸಿಕ್ಕರೆ ಬುಗುರಿ.

"ನಮ್ಮಪ್ಪ ಹೇಳ್ತಿದ್ದ, ಅಂಚಿನ್ಯಾಗ ಕುಂದ್ರಬ್ಯಾಡ, ನಡುವ ಕುಂದ್ರು, ತೆಳಗ ಕುಂದ್ರು, ದೂರ ದಂಡಿ ನೋಡು ಅಂತ. ನೀರ ನೋಡಿದ್ರ ತಲಿ ತಿರಗತದ, ದಂಡಿ ನೋಡಿದ್ರ ತಿರಗಂಗಿಲ್ಲ. ಹಡಗಿಗೂ ಅದs ಇರಬೇಕಲ್ರಿ?"

ಓದುಗ ಮಿತ್ರರೇ, ನಾನು ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ಇಟ್ಟುಬಿಟ್ಟೆ! ಹಡಗಿನ ತಜ್ಞರು ಪುಟಗಟ್ಟಲೆ ಬರೆಯುವ ಮಾತನ್ನು ಈ ತಾಯಿ ಮೂರು ಮಾತಿನಲ್ಲಿ ಹೇಳಿ ಮುಗಿಸಿದರು. ಏತದ ಹಲಗೆಯಾಟ ನೆನಪು ಮಾಡಿಕೊಳ್ಳಿ. ತುದಿಯಲ್ಲಿ ಕೂತವನು ಮೇಲಕ್ಕೂ ಕೆಳಕ್ಕೂ ಹೋಗುತ್ತಾನೆ, ನಡುವೆ ಕೂತವನು ಇದ್ದಲ್ಲೇ ಇರುತ್ತಾನೆ. ಹಡಗೂ ಅಲೆಯ ಮೇಲೆ ಹಾಗೆಯೇ ಮೂತಿ ಎತ್ತಿ ಬಾಲ ಇಳಿಸುತ್ತದೆ. ಅದಕ್ಕೇ ಉದ್ದದಲ್ಲಿ ನಡುಭಾಗದ ಕೋಣೆಗೆ ಏರಿಳಿತ ಕಡಿಮೆ. ಪಕ್ಕಕ್ಕೆ ತೂಗುವಾಗ ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ, ಕೆಳಗಿನದು ಕಡಿಮೆ. ಟಾಕೀಸಿನಲ್ಲಿ ಮೇಲೆ ಹೋದಷ್ಟೂ ಸುಖ. ಹಡಗಿನಲ್ಲಿ ಮೇಲೆ ಹೋದಷ್ಟೂ ದುಡ್ಡೂ ಹೆಚ್ಚು, ತೂಗಾಟವೂ ಹೆಚ್ಚು! ಇನ್ನು ದೂರದ ದಂಡೆ ನೋಡುವ ಮಾತು. ಕಿವಿಯೊಳಗಿನ ಸಮತೋಲದ ಅಂಗ 'ನಾವು ಅಲುಗುತ್ತಿದ್ದೇವೆ' ಅನ್ನುತ್ತದೆ, ಒಳಕೋಣೆಯ ಗೋಡೆ ನೋಡುವ ಕಣ್ಣು 'ಇಲ್ಲ, ನಿಂತಿದ್ದೇವೆ' ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳೆಸುವುದು. ಹೊರಗೆ ಬಂದು ನೀರೂ ಆಕಾಶವೂ ಕೂಡುವ ಗೆರೆಯನ್ನು ನೋಡಿದರೆ ಇಬ್ಬರಿಗೂ ರಾಜಿಯಾಗುತ್ತದೆ.

ಅಂದರೆ ನನ್ನ ಒಳಕೋಣೆಯ ವಾದಕ್ಕೆ ಮೊದಲನೇ ತೂತು ಬಿತ್ತು.

"ಹಂಗಾದ್ರ ಬಾಲ್ಕನಿ ಬೇಕೇನ್ರಿ ಅಕ್ಕಾರ?"

ಅವರು ಮಾಸ್ತರರ ಮುಖ ನೋಡಿದರು. ಮಾಸ್ತರರು ಹೊಳೆಯ ಕಡೆ ನೋಡಿದರು.

"ಒಂದು ಹೇಳ್ತೀನ್ರಿ, ನಗಬಾರ್ದು. ಮದುವ್ಯಾದ ಹೊಸದಾಗಿ ಜಾತ್ರಿಗೆ ಟೆಂಟ ಸಿನಿಮಾ ಬಂದಿತ್ತು. 'ಹಾಲು ಜೇನು'. ಕರಕೊಂಡು ಹೋದ್ರು ಇವ್ರು. ನಡುವ ಹಗ್ಗ ಕಟ್ಟಿದ್ರು. ಆ ಕಡಿ ಗಂಡಸ್ರು, ಈ ಕಡಿ ಹೆಣ್ಮಕ್ಕಳು. ನಾ ಅತ್ತಿ ಬಾಜೂಕ ಕುಂತಿದ್ದೆ. ಸಿನಿಮಾ ಮುಗದ ಮ್ಯಾಲ ಓಣ್ಯಾನ ಮಂದಿ ಹೇಳಿದ್ರು, 'ನಿನ್ನ ಗಂಡ ಹೆಂಗ ಅಳ್ತಿದ್ದ ಅಂತಿ, ಹೇಂತಿ ಬ್ಯಾನಿ ಬಿದ್ದ ಸೀನಿಗೆ!' ಮಂದಿ ನೋಡಿದ್ರು. ನಾ ನೋಡ್ಲಿಲ್ಲ. ಆಮ್ಯಾಲ ಮಕ್ಕಳು, ಅತ್ತಿ-ಮಾವನ ಸೇವಾ, ಸಾಲಿ, ವರ್ಗ... ಟೀವಿ ಬಂತು, ಟೀವಿ ಮುಂದ ಮನಿ ಮಂದಿಯೆಲ್ಲಾ. ಇಬ್ರೇ ಬಾಜೂಬಾಜೂಕ ಕುಂತು ಏನೂ ನೋಡಿಲ್ರಿ ನಾವು."

1982ರ 'ಹಾಲು ಜೇನು' ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಯಿಲೆ ಬಿದ್ದ ಹೆಂಡತಿಗಾಗಿ ಗಂಡ ಪಡುವ ಪಾಡು, ರಾಜಕುಮಾರ್, ಮಾಧವಿ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ. ಆಗ ಟೆಂಟಿನಲ್ಲಿ ಅಳದವನು ಗಂಡಸೇ ಅಲ್ಲ!

ಅಕ್ಕಾರು ಕೊನೆಗೆ ಅಂದದ್ದಿಷ್ಟು: "ಎರಡು ಕುರ್ಚಿ ಇರ್ತಾವು ಅಂದ್ರಲ್ರಿ. ಅಲ್ಲಿ ಹಗ್ಗ ಇರೂದಿಲ್ಲಲ್ಲ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಚಹಾ ಮುಗಿಸಿದೆ. ನೆಲದ ಟಿಕೆಟ್ಟಿನವನ ವಾದ ಅಲ್ಲಿಗೆ ಖಲಾಸ್!

* * *

ಆಮೇಲೆ ಮೂವರೂ ಕೂತು, ಮಗ ಫೋನಿಗೆ ಕಳಿಸಿದ ಹಡಗಿನ ನಕ್ಷೆ ಹರಡಿಕೊಂಡು, ಕೋಣೆ ಆರಿಸುವುದಕ್ಕೆ ತೊಡಗಿದೆವು. ಅಲ್ಲಿ ಕಂಡುಕೊಂಡದ್ದನ್ನು ಬೇರೆ ಓದುಗರಿಗೂ ಬೇಕಾದೀತೆಂದು ಬರೆಯುತ್ತೇನೆ.

ಒಂದು: ಬಾಲ್ಕನಿ ಎಂದ ಮಾತ್ರಕ್ಕೆ ಸಮುದ್ರ ಕಂಡೇ ಕಾಣುತ್ತದೆ ಅಂತಲ್ಲ. ಕೆಲವು ಕೋಣೆಗಳ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿರುತ್ತಾರೆ. ದುಡ್ಡು ಕೊಟ್ಟು ಮೂರು ದಿನ ಆ ದೋಣಿಯ ಹೊಟ್ಟೆ ನೋಡಬೇಕು, ಟಾಕೀಸಿನಲ್ಲಿ ಕಂಬದ ಹಿಂದಿನ ಸೀಟಿನ ಹಾಗೆ! 2009ರ 'ಒಯಾಸಿಸ್ ಆಫ್ ದಿ ಸೀಸ್'ನಂಥ ಮಹಾ ಹಡಗುಗಳಲ್ಲಿ ಕೆಲವು ಬಾಲ್ಕನಿಗಳು ಹಡಗಿನೊಳಗಿನ ತೋಟದ ಕಡೆಗೇ ಮುಖ ಮಾಡಿವೆ. ಕೇಳಿ, ನಕ್ಷೆ ನೋಡಿ, ಆಮೇಲೆ ಹೂಂ ಅನ್ನಿ.

ಎರಡು: ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ ನೋಡಿಕೊಳ್ಳಿ. ಮೇಲೆ ಈಜುಕೊಳದ ಅಂಗಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಕುಣಿತದ ಹಾಲ್ ಇದ್ದರೆ ನಡುರಾತ್ರಿಯವರೆಗೂ ಢಂ ಢಂ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇದ್ದರೆ ನಿಶ್ಚಿಂತೆ. ಹಿಂತುದಿಯ ಬಾಲ್ಕನಿಯಲ್ಲಿ ಹಡಗು ಬಿಟ್ಟುಹೋಗುವ ನೊರೆಯ ದಾರಿ ಕಾಣುತ್ತದೆ, ಬಲು ಚಂದ. ಆದರೆ ಎಂಜಿನ್ನಿನ ನಡುಕವೂ ಇರುತ್ತದೆ. ಮುಂತುದಿಯಲ್ಲಿ ಗಾಳಿಯ ಹೊಡೆತ.

ಮೂರು: ಎಡವೋ ಬಲವೋ? ಬಲ್ಲಾರ್ಡ್ ಪಿಯರಿನಿಂದ ಹಡಗು ಹೊರಟು ತೆಂಕಣಕ್ಕೆ ಇಳಿಯುವಾಗ ಮುಂಬಯಿ ಪಟ್ಟಣ ಬಲಕ್ಕೆ ಉಳಿಯುತ್ತದೆ. ಗೇಟ್‌ವೇ, ತಾಜ್ ಹೋಟೆಲು, ಕೊಲಾಬಾ ಎಲ್ಲವೂ ಆ ಮಗ್ಗುಲಿಗೆ. ಕೊಲಾಬಾ ದಾಟಿ ಬಯಲು ಸಮುದ್ರಕ್ಕೆ ಬಿದ್ದ ಮೇಲೆ ಬಲಕ್ಕೆ ಪಡುವಣ, ಸೂರ್ಯ ಮುಳುಗುವ ದಿಕ್ಕು; ಎಡಕ್ಕೆ ಕೊಂಕಣದ ಕರೆ. ಬರುವಾಗ ಇದೆಲ್ಲ ತಿರುಗಾಮುರುಗಾ. ಹೋಗಿ ಬರುವ ಪಯಣವಾದ್ದರಿಂದ ಯಾವ ಮಗ್ಗುಲು ಸಿಕ್ಕರೂ ನಷ್ಟವಿಲ್ಲ, ಇದಕ್ಕಾಗಿ ಹೆಚ್ಚಿಗೆ ದುಡ್ಡು ತೆರಬೇಡಿ. ಇದೇ ನೀರಿನಲ್ಲಿ ಹಿಂದೆ ಮುಂಬಯಿ-ಗೋವಾ ಸ್ಟೀಮರು ಓಡುತ್ತಿದ್ದ ಕಾಲದಲ್ಲಿ ಜನ ಡೆಕ್ಕಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಚುಕ್ಕಿ ಎಣಿಸುತ್ತ ಮಲಗಿ ಹೋಗುತ್ತಿದ್ದರು. ಅದೇ ನಿಜವಾದ ನೆಲದ ಟಿಕೆಟ್ಟು!

ನಾಲ್ಕು: 'ಬಾಲ್ಕನಿ ಗ್ಯಾರಂಟಿ, ಕೋಣೆ ನಂಬರು ಆಮೇಲೆ' ಎಂಬ ಅಗ್ಗದ ಟಿಕೆಟ್ಟೂ ಉಂಟು. ಅದರಲ್ಲಿ ಕೋಣೆ ಆರಿಸುವವರು ಕಂಪನಿಯವರು, ನೀವಲ್ಲ. ತಲೆ ತಿರುಗುವ ಪ್ರಕೃತಿಯವರು, ಮೊಣಕಾಲು ನೋವಿನವರು ಈ ಜೂಜಾಡಬಾರದು. ಲಿಫ್ಟಿಗೆ ಹತ್ತಿರ, ಆದರೆ ಅದರ ಬಾಗಿಲಿಗೇ ಅಂಟದ ಕೋಣೆ ಮೇಲು.

ಐದು: ಕಾಲ. ಜೂನಿನಿಂದ ಸೆಪ್ಟೆಂಬರ್ ಅರಬ್ಬೀ ಸಮುದ್ರಕ್ಕೆ ಹುಚ್ಚು ಹಿಡಿದಿರುತ್ತದೆ. ದೀಪಾವಳಿಯಿಂದ ಹೋಳಿಯವರೆಗೆ ಶಾಂತ. ಹಳೆಯ ಹಡಗಿನಲ್ಲಿ ಬಾಲ್ಕನಿಗಳು ಮೇಲಿನ ಅಂತಸ್ತುಗಳಲ್ಲೇ ಇರುವುದರಿಂದ, 'ಕೆಳಗೆ' ಎಂಬ ಅಕ್ಕಾರ ಅಪ್ಪನ ಮಾತನ್ನು ಪೂರಾ ನಡೆಸಲಿಕ್ಕಾಗುವುದಿಲ್ಲ. ಆದರೆ ಸಮುದ್ರ ಶಾಂತವಿರುವ ತಿಂಗಳಲ್ಲಿ, ಉದ್ದಕ್ಕೆ ನಟ್ಟನಡುವಿನ ಕೋಣೆ ಹಿಡಿದರೆ ಮೇಲಿದ್ದರೂ ಚಿಂತೆಯಿಲ್ಲ. 'ನಡುವ' ಮತ್ತು 'ದೂರ ದಂಡಿ ನೋಡು' ಈ ಎರಡು ಉಳಿದವಲ್ಲ! ವಾಂತಿ ಗುಳಿಗೆಯನ್ನು ಡಾಕ್ಟರಿಗೆ ಕೇಳಿಯೇ ಇಟ್ಟುಕೊಳ್ಳಬೇಕು.

ಆರು: ಚಿಕ್ಕ ಮಕ್ಕಳಿದ್ದವರು ಬಾಲ್ಕನಿಯ ಕುರ್ಚಿಯನ್ನು ಕಟಾಂಜನದ ಹತ್ತಿರ ಬಿಡಲೇಬಾರದು. ಚಿಲಕ ಸದಾ ಹಾಕಿರಬೇಕು. ಇದರಲ್ಲಿ ತಮಾಷೆ ಇಲ್ಲ.

ಇನ್ನು ದುಡ್ಡಿನ ಮಾತು. ಅದಕ್ಕೂ ಅಕ್ಕಾರೇ ದಾರಿ ತೋರಿಸಿದರು. "ಮೂರು ರಾತ್ರಿ ಯಾಕ್ರಿ? ಎರಡು ಸಾಕು. ಎರಡನೇದ್ದು ಕಡಿಮಿ ಮಾಡಿ ಬಾಲ್ಕನಿ ತಗೋಬೋದಲ್ಲ?" ಹೌದಲ್ಲ! ಒಳಕೋಣೆಯ ಮೂರು ರಾತ್ರಿಗೆ ಮಗ ತೆಗೆದಿಟ್ಟ ದುಡ್ಡಿಗೆ ಮಾಸ್ತರರ ಪೆನ್ಷನ್ನಿನಿಂದ ಒಂದಿಷ್ಟು ಸೇರಿಸಿದರೆ ಎರಡು ರಾತ್ರಿಯ ಬಾಲ್ಕನಿ ಹೊಂದುತ್ತಿತ್ತು. ಗೋವಾ ಇಳಿಯುವುದು ತಪ್ಪುತ್ತದೆ, ಸಮುದ್ರಕ್ಕೆ ಹೋಗಿ ಬರುವುದಷ್ಟೇ ಆಗುತ್ತದೆ. "ಗ್ವಾವಾದಾಗ ನಮ್ದೇನೈತ್ರಿ?" ಅಂದರು ಅಕ್ಕಾರು. 'ಗೋವಾದಲ್ಲಿ ಸಿ.ಐ.ಡಿ. 999' ನೋಡಿದ್ದ ಮಾಸ್ತರರಿಗೆ ಮಾತ್ರ ಸ್ವಲ್ಪ ಬೇಸರವಾದಂತೆ ಕಂಡಿತು!

ಸಂಜೆ ಬಸ್ಸಿಗೆ ಹೊರಟಾಗ ಇಬ್ಬರೂ ಬ್ರಿಡ್ಜಿನವರೆಗೆ ಬಂದರು. ಹೊಳೆಯ ಕಡೆ ಕೈ ತೋರಿಸಿ ಅಕ್ಕಾರು ಇನ್ನೊಂದು ಮಾತು ಹೇಳಿದರು. 2014ರಲ್ಲಿ ಇದೇ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯಿಂದ ಒಬ್ಬ ತುಂಬು ಗರ್ಭಿಣಿ, ಆಸ್ಪತ್ರೆ ಸೇರಲಿಕ್ಕೆ, ಒಣಗಿದ ಕುಂಬಳ ಕಟ್ಟಿಕೊಂಡು ಉಕ್ಕಿದ ಕೃಷ್ಣೆಯನ್ನು ಈಜಿ ದಾಟಿದಳು. ಪೇಪರಿನಲ್ಲೆಲ್ಲ ಬಂದಿತ್ತು. "ನಮ್ಮ ಕಡಿ ಹೆಣ್ಮಕ್ಕಳು ನೀರು ದಾಟೂದು ಇಂಥಾದ್ದಕ್ಕs ಇತ್ರಿ ಅಣ್ಣಾರ. ಆಸ್ಪತ್ರಿಗೆ, ತವರಿಗೆ, ಸಂತಿಗೆ. ಸುಮ್ಮನ ಕುಂತು ನೋಡ್ಲಿಕ್ಕೆ ನೀರಿನ ಮ್ಯಾಲ ಹೋಗೂದು ಅಂದ್ರ... ನನಗ ಇನ್ನೂ ನಂಬಿಕಿ ಇಲ್ರಿ."

ಮೊನ್ನೆ ಮಾಸ್ತರರಿಂದ ಇನ್ನೊಂದು ಕಾಗದ ಬಂತು. ಟಿಕೆಟ್ ಆಗಿದೆ. ಎರಡು ರಾತ್ರಿ, ನಡುಭಾಗ, ಬಾಲ್ಕನಿ. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮುಂಬಯಿ. ರೊಟ್ಟಿ, ಶೇಂಗಾ ಹಿಂಡಿ ರೈಲಿಗೆ ಮಾತ್ರ. ಕೊನೆಯಲ್ಲಿ ಒಂದು ಸಾಲು: 'ಬೀಡಿ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಇವಳ ಅಪ್ಪಣೆ.'

ನೆಲದ ಟಿಕೆಟ್ಟಿನವನ ಹಟ ನನಗಿನ್ನೂ ಹೋಗಿಲ್ಲ ಸ್ವಾಮೀ. ಒಂಟಿಯಾಗಿ ಹೋಗುವವನಿಗೆ, ಗೆಳೆಯರ ಗುಂಪಿಗೆ, ಹಗಲೆಲ್ಲ ಡೆಕ್ಕಿನ ಮೇಲೆಯೇ ಇರುವವರಿಗೆ ಈಗಲೂ ಒಳಕೋಣೆಯನ್ನೇ ಹೇಳುತ್ತೇನೆ. ಆದರೆ ನಡುವೆ ಹಗ್ಗ ಕಟ್ಟಿದ ಕಾಲದಲ್ಲಿ ಮದುವೆಯಾದವರು ಯಾರಾದರೂ ಕೇಳಿದರೆ... ಬಾಲ್ಕನಿ ತೆಗೆದುಕೊಳ್ಳಿ. ಒಂದು ರಾತ್ರಿ ಕಡಿಮೆಯಾದರೂ ಸರಿ.

ಮುಂದಿನ ವಾರ ಮತ್ತೆ ನಾಯಕಿಯರ ಮದುವೆಯ ಸುದ್ದಿ. ಅಲ್ಲಿಯವರೆಗೆ, ನಮಸ್ಕಾರ!